ಓಡುವ ಹುಡುಗನನ್ನು ಕೂರಿಸುವ ಕೆಲಸ

ಬಳ್ಳಾರಿಯಲ್ಲಿ ಚೆನ್ನಾಗಿ ಓಡುವ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಅವನನ್ನು ಮೊದಲು ಹಿಡಿಯುವುದು ಓಣಿಯ ತಂಡ. ಅದರ ಹಿಂದೆಯೇ ವಾರ್ಡಿನ ತಂಡ, ಆಮೇಲೆ ಶಾಲೆ, ಅದಾದ ಮೇಲೆ ಹೊಸಪೇಟೆಯಲ್ಲೋ ಸಿರುಗುಪ್ಪದಲ್ಲೋ ಟೂರ್ನಮೆಂಟ್ ಇದೆ ಬಾ ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಅಣ್ಣಂದಿರು. ಭಾನುವಾರ ಬೆಳಿಗ್ಗೆ ಒಂದು ಬಣ್ಣದ ಜರ್ಸಿ, ಸಂಜೆ ಇನ್ನೊಂದು. ಎಲ್ಲರಿಗೂ ಅವನು ಬೇಕು, ಅವನ ಮಂಡಿಯ ಚಿಂತೆ ಮಾತ್ರ ಯಾರಿಗೂ ಇಲ್ಲ. ಹದಿನೇಳು ತುಂಬುವ ಹೊತ್ತಿಗೆ ಅವನು ಗೆರೆಯ ಆಚೆ ನಿಂತು ತೊಡೆಯ ಹಿಂಭಾಗ ನೀವಿಕೊಳ್ಳುತ್ತಾ, ಒಂದು ಕಾಲಕ್ಕೆ ತಾನೂ ಹೀಗೆಯೇ ಓಡುತ್ತಿದ್ದೆ ಎಂದು ಚಿಕ್ಕವರಿಗೆ ಹೇಳುತ್ತಿರುತ್ತಾನೆ. ಅಂಥವರು ನಮ್ಮ ಊರಿನ ಪ್ರತಿ ಮೈದಾನದ ಅಂಚಿನಲ್ಲೂ ಇದ್ದಾರೆ.

ನಾನು ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ಸಂಜೆ ಹೊತ್ತು ಕೌಲ್ ಬಜಾರ್ ಸುತ್ತಮುತ್ತಲಿನ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಕಲಿಸುತ್ತೇನೆ ಎಂದರೂ, ಹುಟ್ಟಿನಿಂದ ಬಂದ ವೇಗವನ್ನು ನಾನೇನೂ ಕೊಟ್ಟಿಲ್ಲ. ಅದು ಅವರ ಅಪ್ಪ ಅಮ್ಮನ ಕೊಡುಗೆ, ಉಳಿದದ್ದು ಓಣಿಯ ಕೊಡುಗೆ. ಹನ್ನೆರಡರಲ್ಲಿ ಸಿಕ್ಕ ಆ ವೇಗವನ್ನು ಹದಿನೆಂಟರವರೆಗೆ ಮುರಿಯದಂತೆ ದಾಟಿಸುವುದೇ ನನ್ನ ಕೆಲಸ ಎಂದುಕೊಂಡಿದ್ದೇನೆ. ಅದಕ್ಕಾಗಿ ನಾನು ಮಾಡುವುದರಲ್ಲಿ ಅರ್ಧ ಪಾಲು ಆಡಿಸುವುದು, ಇನ್ನರ್ಧ ಪಾಲು ಆಡಗೊಡದೆ ಕೂರಿಸುವುದು. ಎರಡನೆಯದಕ್ಕೇ ಹೆಚ್ಚು ಬೈಗುಳ ತಿಂದಿದ್ದೇನೆ.

ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲು ಚೆಂಡು ಕೊಡುವುದಿಲ್ಲ. ಹತ್ತು ಹೆಜ್ಜೆ ಜೋರಾಗಿ ಓಡಿ, ಪೀಪಿ ಊದಿದ ಕೂಡಲೇ ನಿಲ್ಲಿ ಎನ್ನುತ್ತೇನೆ. ಓಟ ಎಲ್ಲರ ಕಣ್ಣಿಗೂ ಕಾಣುತ್ತದೆ. ನಾನು ನೋಡುವುದು ನಿಲ್ಲುವುದನ್ನು. ಕೆಲವರು ಎರಡೇ ಹೆಜ್ಜೆಯಲ್ಲಿ ಸೊಂಟ ತಗ್ಗಿಸಿ, ಮಂಡಿಯನ್ನು ಪಾದದ ಬೆರಳುಗಳ ನೇರಕ್ಕೇ ಇಟ್ಟು ನಿಲ್ಲುತ್ತಾರೆ, ಅಲ್ಲಿಂದ ಯಾವ ದಿಕ್ಕಿಗಾದರೂ ಹಾರಬಲ್ಲರು. ಕೆಲವರು ಐದಾರು ಹೆಜ್ಜೆ ದಡಬಡ ಇಟ್ಟು, ಮೈಯನ್ನು ಹಿಂದಕ್ಕೆ ಎಳೆದುಕೊಂಡು, ಮಂಡಿ ಒಳಕ್ಕೆ ಬಾಗಿಸಿ ಹೇಗೋ ನಿಲ್ಲುತ್ತಾರೆ. ಫುಟ್‌ಬಾಲಿನಲ್ಲಿ ಎದುರಾಳಿಯನ್ನು ದಾಟುವುದು ನಿಲ್ಲಬಲ್ಲವನು. ಮಂಡಿ ಕಳೆದುಕೊಳ್ಳುವುದು ನಿಲ್ಲಲಾರದವನು. ಪ್ರತಿಭೆಯನ್ನೂ ಅಪಾಯವನ್ನೂ ಒಂದೇ ಕಡೆ ತೋರಿಸುವ ಪರೀಕ್ಷೆ ಇದು, ಖರ್ಚು ಒಂದು ಪೀಪಿ.

ಖೋ ಖೋ ಆಡಿ ಬಂದ ಮಕ್ಕಳು ಇದರಲ್ಲಿ ಸದಾ ಮುಂದೆ. ಸಾಲಿನಲ್ಲಿ ಕೂತವರ ನಡುವೆ ನುಸುಳುವುದು, ಕಂಬಕ್ಕೆ ಕೈ ಸೋಕಿಸಿ ಗಿರಕ್ಕನೆ ತಿರುಗುವುದು, ಬೆನ್ನ ಹಿಂದೆ ಬರುವವನ ದಾರಿಯನ್ನು ತೋಳಿನಿಂದಲೇ ಅಂದಾಜು ಮಾಡುವುದು, ಇವೆಲ್ಲ ಯಾವ ಕೋನ್ ಇಟ್ಟು ಕಲಿಸಿದರೂ ಬಾರದ ವಿದ್ಯೆ. ಕಬಡ್ಡಿ ಆಡಿದವನಿಗೆ ಬೀಳುವುದು ಗೊತ್ತು. ಚಿಕ್ಕ ಮಕ್ಕಳಿಗಾಗಿಯೇ ಫಿಫಾ ರೂಪಿಸಿರುವ ಗಾಯ ತಡೆಯುವ ವ್ಯಾಯಾಮಗಳಲ್ಲಿ ಉರುಳಿ ಬೀಳುವುದನ್ನೂ ಕಲಿಸುತ್ತಾರೆ, ಮಣಿಕಟ್ಟು ಊರಿ ಬಿದ್ದು ಕೈ ಮುರಿಯಬಾರದು ಎಂದು. ನಮ್ಮ ಹುಡುಗರು ಅದನ್ನು ಮಣ್ಣಿನ ಅಂಕಣದಲ್ಲಿ ಏಳನೇ ತರಗತಿಗೇ ಕಲಿತಿರುತ್ತಾರೆ. ಆದ್ದರಿಂದ ಹದಿಮೂರು ದಾಟುವವರೆಗೆ ಬರೀ ಫುಟ್‌ಬಾಲ್ ಎಂದು ಯಾರನ್ನೂ ಕಟ್ಟಿಹಾಕುವುದಿಲ್ಲ. ವಾರದಲ್ಲಿ ಒಂದು ಸಂಜೆ ಖೋ ಖೋ ಕಡ್ಡಾಯ. ವರ್ಷವಿಡೀ ಒಂದೇ ಆಟ ಆಡುವ ಮಗುವಿಗೆ ಅದೇ ಸ್ನಾಯು, ಅದೇ ಮೂಳೆ ಸವೆಯುವ ಗಾಯಗಳು ಹೆಚ್ಚು ಎಂಬುದು ಕ್ರೀಡಾ ವೈದ್ಯರು ಮತ್ತೆ ಮತ್ತೆ ಹೇಳುವ ಮಾತು.

ಈಗ ವಯಸ್ಸಿನ ವಿಷಯ. ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆರೆದರೆ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ಎಣಿಸಿ ಸುಸ್ತಾಗಬೇಕು. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲ, ಶಾಲೆಗೆ ಸೇರಿಸುವ ದಿನ ಮೇಷ್ಟ್ರಿಗೆ ಬರೆಯಲು ಒಂದು ತಾರೀಖು ಬೇಕು. ಇಡೀ ರಾಜ್ಯದಲ್ಲಿ ಒಂದು ತಲೆಮಾರು ಹಾಗೆಯೇ ಹುಟ್ಟಿದೆ, ನನ್ನ ತಾರೀಖೂ ಅದೇ. ಈಗಿನ ಮಕ್ಕಳಿಗೆ ಆಸ್ಪತ್ರೆಯ ಪ್ರಮಾಣಪತ್ರ ಇರುತ್ತದೆ, ಆದರೂ ಕೆಲಸ ಹುಡುಕಿಕೊಂಡು ವಲಸೆ ಬಂದ ಮನೆಗಳ ಮಕ್ಕಳಲ್ಲಿ ಈ ಗೊಂದಲ ಪೂರ್ತಿ ಹೋಗಿಲ್ಲ. ತಾರೀಖು ಸರಿಯಿದ್ದರೂ ಅದರಿಂದ ನನಗೆ ಸಿಗುವುದು ಅರ್ಧ ಸತ್ಯ. ಹದಿನಾಲ್ಕರ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿ ಭುಜ ಅಗಲವಾಗಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಹದಿನಾಲ್ಕರ ಒಳಗಿನವರ ಪಂದ್ಯದಲ್ಲಿ ಮೊದಲನೆಯವನು ಎಲ್ಲರನ್ನೂ ನೂಕಿಕೊಂಡು ಹೋಗಿ ಗೋಲು ಹೊಡೆಯುತ್ತಾನೆ, ಎಲ್ಲರೂ ಅವನನ್ನೇ ಪ್ರತಿಭೆ ಎನ್ನುತ್ತಾರೆ. ಹದಿನೇಳರ ಹೊತ್ತಿಗೆ ಉಳಿದವರೂ ಅವನ ಎತ್ತರಕ್ಕೆ ಬಂದಾಗ ನೂಕುವುದೊಂದನ್ನು ಬಿಟ್ಟು ಅವನಿಗೆ ಬೇರೇನೂ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಎರಡನೆಯವನು ಆಟ ಬಿಟ್ಟು ಜೀನ್ಸ್ ಘಟಕದಲ್ಲಿ ಗುಂಡಿ ಹಾಕುತ್ತಿರುತ್ತಾನೆ.

ಹಾಗಾಗಿ ನಾನು ಪುಸ್ತಕ ಬಿಟ್ಟು ಗೋಡೆ ನಂಬಿದೆ. ಆಟದ ಸಾಮಾನು ಇಡುವ ಕೋಣೆಯ ಒಳಗೋಡೆಯ ಮೇಲೆ ಪ್ರತಿ ಮಗುವಿಗೂ ನೆಟ್ಟಗಿನ ಒಂದು ಪಟ್ಟಿ ಇದೆ. ಮೂರು ತಿಂಗಳಿಗೊಮ್ಮೆ ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಯಾವಾಗಲೂ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ, ಏಕೆಂದರೆ ದಿನವೆಲ್ಲ ನಿಂತು ಕೂತು ಓಡಾಡಿದ ಮೇಲೆ ಬೆನ್ನುಮೂಳೆ ಅಮುಕಿಕೊಂಡು ಸಂಜೆ ಹೊತ್ತಿಗೆ ಎತ್ತರ ಒಂದು ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಬೆಂಚಿನ ಮೇಲೆ ಕೂರಿಸಿ ಕೂತ ಎತ್ತರವನ್ನೂ ಅಳೆಯುತ್ತೇನೆ. ಎಳೆಯ ದೇಹ ಬೆಳೆಯುವಾಗ ಮೊದಲು ಕಾಲು ಉದ್ದವಾಗುತ್ತದೆ, ಆಮೇಲೆ ಮುಂಡ. ನಿಂತ ಗೆರೆ ಮೇಲಕ್ಕೆ ಹೋಗಿ ಕೂತ ಗೆರೆ ಅಲ್ಲೇ ಇದ್ದರೆ ಬೆಳವಣಿಗೆಯ ಜಿಗಿತ ಈಗ ತಾನೇ ಶುರುವಾಗಿದೆ ಎಂದರ್ಥ. ಹುಡುಗರಲ್ಲಿ ಇದರ ತುದಿ ಸರಾಸರಿ ಹದಿನಾಲ್ಕರ ಸುಮಾರಿಗೆ, ಹುಡುಗಿಯರಲ್ಲಿ ಹನ್ನೆರಡರ ಸುಮಾರಿಗೆ ಬರುತ್ತದೆ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಏರಿದವನ ಹೆಸರಿನ ಪಕ್ಕದಲ್ಲಿ ಕೆಂಪು ಚುಕ್ಕೆ ಇಡುತ್ತೇನೆ.

ಕೆಂಪು ಚುಕ್ಕೆ ಬಿದ್ದವನು ಕೆಲವು ತಿಂಗಳು ತನ್ನ ಕಾಲಿಗೆ ತಾನೇ ಹೊಸಬ. ಮೊನ್ನೆಯವರೆಗೆ ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಓಡಿಸುತ್ತಿದ್ದವನು ಎಡವುತ್ತಾನೆ, ಒದೆತ ತಪ್ಪುತ್ತದೆ. ಮನೆಯಲ್ಲಿ 'ಮೊಬೈಲ್ ನೋಡಿ ನೋಡಿ ಆಟ ಹಾಳಾಯಿತು' ಎನ್ನುತ್ತಾರೆ. ಮೂಳೆ ಮುಂದೆ ಓಡಿದೆ, ಸ್ನಾಯು ಹಿಂದೆ ಉಳಿದಿದೆ, ಅಷ್ಟೇ. ಈ ಅವಧಿಯಲ್ಲಿ ಅವನಿಗೆ ನೆಗೆತ, ಜೋರು ಓಟ, ಗೋಲಿನತ್ತ ಬಲವಾಗಿ ಒದೆಯುವ ಅಭ್ಯಾಸ ಮೂರನ್ನೂ ಇಳಿಸುತ್ತೇನೆ. ಬದಲಿಗೆ ಸಮತೋಲನದ ಆಟಗಳು, ಚಿಕ್ಕ ಚೌಕದಲ್ಲಿ ನಾಲ್ಕು ಜನರ ಪಾಸಿಂಗ್. ತಂಡದಿಂದ ಮಾತ್ರ ತೆಗೆಯುವುದಿಲ್ಲ. ಈ ವಯಸ್ಸಿನಲ್ಲಿ ತಂಡದಿಂದ ಹೊರಗಿಟ್ಟರೆ ಹುಡುಗ ಆಟದಿಂದಲೇ ಹೊರಗೆ ಹೋಗುತ್ತಾನೆ.

ಹೀಗಿದ್ದೂ ಮಂಡಿಯ ನೋವು ಬಂದೇ ಬರುತ್ತದೆ. ಒಬ್ಬ ಹುಡುಗನ ತಾಯಿ ಅವನನ್ನು ಕರೆದುಕೊಂಡೇ ಮೈದಾನಕ್ಕೆ ಬಂದರು. 'ಸರ್, ನೋಡಿ, ಮಂಡಿಯ ಕೆಳಗೆ ಗಂಟು ಎದ್ದಿದೆ. ರಾತ್ರಿ ಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಕರಗುತ್ತಿಲ್ಲ' ಎಂದರು. ಪ್ಯಾಂಟು ಮಡಚಿ ನೋಡಿದೆ. ಮಂಡಿಚಿಪ್ಪಿನಿಂದ ಎರಡು ಬೆರಳು ಕೆಳಗೆ, ಕೆಳಗಾಲಿನ ಮೂಳೆಯ ತಲೆಯ ಮೇಲೆ ಅಡಿಕೆ ಗಾತ್ರದ ಉಬ್ಬು. ಹೆಬ್ಬೆರಳು ಸೋಕಿಸಿದ್ದಕ್ಕೇ ಹುಡುಗ ಹಲ್ಲು ಕಚ್ಚಿದ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮಂಡಿಚಿಪ್ಪಿನ ಮೂಲಕ ಬಂದು ಹಿಡಿದುಕೊಳ್ಳುವ ಜಾಗವೇ ಅದು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿನ ಮೂಳೆ ಇನ್ನೂ ಮೆದು. ಪ್ರತಿ ಒದೆತಕ್ಕೂ ಪ್ರತಿ ನೆಗೆತಕ್ಕೂ ಸ್ನಾಯು ಅದನ್ನು ಜಗ್ಗುತ್ತದೆ, ಜಾಗ ಕೆರಳಿ ಊದುತ್ತದೆ. ವೈದ್ಯರು ಇದನ್ನು ಆಸ್‌ಗುಡ್ ಶ್ಲಾಟರ್ ಎನ್ನುತ್ತಾರೆ. ಹಿಮ್ಮಡಿಯಲ್ಲಿ ಇದೇ ಥರದ್ದು ಇನ್ನೂ ಚಿಕ್ಕ ವಯಸ್ಸಿಗೇ ಬರುತ್ತದೆ, ಅದಕ್ಕೆ ಸೀವರ್ ಎಂಬ ಹೆಸರು. ಎರಡೂ ಬೆಳವಣಿಗೆ ಮುಗಿದಂತೆ ತಾವಾಗಿ ಶಮನವಾಗುತ್ತವೆ. ಮಂಡಿಯ ಉಬ್ಬು ನೋವಿಲ್ಲದೆ ಹಾಗೆಯೇ ಉಳಿಯಬಹುದು.

ನಾನು ಆ ತಾಯಿಗೆ ಹೇಳಿದ್ದು ಇಷ್ಟೇ: 'ಅಮ್ಮಾ, ಇದು ಕರಗಿಸುವ ಗಂಟಲ್ಲ, ತಿಕ್ಕುವುದನ್ನು ಇಂದೇ ನಿಲ್ಲಿಸಿ. ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ, ರಾತ್ರಿ ಮಲಗಿದಾಗಲೂ ನೋಯುತ್ತದೆಯೇ ಎಂದು ಅವರು ಕೇಳುತ್ತಾರೆ, ನಿಜ ಹೇಳಿ. ಆಟ ಪೂರ್ತಿ ಬಿಡಿಸಬೇಡಿ, ಕಡಿಮೆ ಮಾಡಿಸುತ್ತೇನೆ.' ಆಡಿದ ಮೇಲೆ ಐಸ್, ತೊಡೆಯ ಮುಂಭಾಗ ಬಲಪಡಿಸುವ ಹಗುರ ವ್ಯಾಯಾಮ, ನೋವು ಹತ್ತರಲ್ಲಿ ಮೂರನ್ನು ದಾಟಿದರೆ ಅಂದಿನ ಅಭ್ಯಾಸ ಮುಗಿಯಿತು. ಈ ಹತ್ತರ ಲೆಕ್ಕ ಮಕ್ಕಳಿಗೆ ಬೇಗ ಹಿಡಿಯುತ್ತದೆ. 'ಇವತ್ತು ಎಷ್ಟಪ್ಪಾ?' ಎಂದರೆ 'ಎರಡು, ಸರ್' ಎನ್ನುತ್ತಾನೆ. ಫೈನಲ್ ಹತ್ತಿರ ಬಂದಾಗ ಎಲ್ಲರಿಗೂ ಎರಡೇ ಇರುತ್ತದೆ, ಆಗ ಮುಖ ನೋಡಿ ಲೆಕ್ಕ ತಿದ್ದಿಕೊಳ್ಳಬೇಕು.

ತಿಕ್ಕುವ ಚಟದ ಬಗ್ಗೆ ಇನ್ನೊಂದು ಮಾತು. ತೊಡೆಗೆ ಎದುರಾಳಿಯ ಮಂಡಿ ಬಡಿದು ಹೆಪ್ಪುಗಟ್ಟಿದಾಗ ಮೊದಲ ಎರಡು ಮೂರು ದಿನ ಬಲವಾಗಿ ಮಾಲೀಸು ಮಾಡಿದರೆ ಒಳಗೆ ರಕ್ತಸ್ರಾವ ಹೆಚ್ಚುತ್ತದೆ. ಕೆಲವೊಮ್ಮೆ ಆ ಸ್ನಾಯುವಿನೊಳಗೇ ಮೂಳೆಯಂಥ ಗಡ್ಡೆ ಬೆಳೆದು ತಿಂಗಳುಗಟ್ಟಲೆ ಕಾಲು ಮಡಚಲು ಆಗುವುದಿಲ್ಲ. ನಮ್ಮ ಕಡೆ ಕಾಲು ಉಳುಕಿದರೂ ಬಾತರೂ ಕಟ್ಟು ಹಾಕಿಸಲು ಓಡುತ್ತಾರೆ. ಮುರಿದಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತೆಗೆಸುವ ಮುಂಚೆ ಕಟ್ಟು ಬೇಡ ಎಂಬುದು ನನ್ನ ಹಟ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಅಥವಾ ಕಣಕಾಲಿನ ಗುಬುಟಿನ ಮೂಳೆಯ ಹಿಂಬದಿ ಮುಟ್ಟಿದರೆ ನೋಯುತ್ತಿದ್ದರೆ ಎಕ್ಸ್‌ರೇ ಬೇಕೇ ಬೇಕು.

ನೆಲದ ಕಥೆ ಬೇರೆ ಊರಿನವರಿಗೆ ಅರ್ಥವಾಗುವುದು ಕಷ್ಟ. ನಮ್ಮಲ್ಲಿ ಎರಡು ಬಗೆ ಮೈದಾನ. ಕೆಂಪು ಮಣ್ಣಿನ ಮಸಾರಿ ನೆಲ ಗಟ್ಟಿ, ಜಾರುತ್ತದೆ, ಬಿದ್ದರೆ ಮಂಡಿಯ ಚರ್ಮ ಕಿತ್ತು ಬರುತ್ತದೆ. ಕಪ್ಪು ಮಣ್ಣಿನ ಎರೆ ನೆಲ ಮಳೆಗಾಲದಲ್ಲಿ ಶೂ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಏಪ್ರಿಲ್ ಹೊತ್ತಿಗೆ ಕೆಲವು ಬಿರುಕಿನಲ್ಲಿ ಹುಡುಗನ ಪಾದದ ಮುಂಭಾಗ ಪೂರ್ತಿ ಇಳಿಯುತ್ತದೆ. ಕಾಲು ಉಳುಕುವ ಪ್ರಕರಣಗಳಲ್ಲಿ ಎದುರಾಳಿಯ ಪಾತ್ರಕ್ಕಿಂತ ಈ ಬಿರುಕಿನ ಪಾತ್ರ ದೊಡ್ಡದು. ಆದ್ದರಿಂದ ಅಭ್ಯಾಸ ಆರಂಭವಾಗುವುದೇ ಸಾಲಾಗಿ ನಿಂತು ಮೈದಾನದ ಉದ್ದಕ್ಕೆ ನಡೆದು ಕಲ್ಲು, ಗಾಜು, ಬಾಟಲಿ ಮುಚ್ಚಳ ಆರಿಸುವುದರಿಂದ. ಬಿರುಕಿಗೆ ಮಣ್ಣು ತುಂಬಿ ತುಳಿಯುತ್ತಾರೆ. ತುಂಬಲಾಗದ್ದರ ಸುತ್ತ ಸುಣ್ಣದ ಗೆರೆ, ಆ ಭಾಗ ಬಿಟ್ಟು ಆಟ. ನೀರಿನ ಟ್ಯಾಂಕರ್ ಸಿಕ್ಕ ದಿನ ಹಬ್ಬ.

ಶೂ ವಿಷಯದಲ್ಲಿ ಪೋಷಕರಿಗೆ ನಾನು ದುಬಾರಿಯದ್ದು ಬೇಡ ಎಂದೇ ಹೇಳುತ್ತೇನೆ. ಟಿವಿಯಲ್ಲಿ ಕಾಣುವ ಉದ್ದ ಸ್ಟಡ್ಡುಗಳು ಹಸಿ ಹುಲ್ಲಿಗೆ ಮಾಡಿದವು. ನಮ್ಮ ಕಲ್ಲಿನಂಥ ನೆಲದಲ್ಲಿ ಅವು ಇಳಿಯುವುದಿಲ್ಲ, ಇಡೀ ಭಾರ ನಾಲ್ಕಾರು ಚುಕ್ಕೆಗಳ ಮೇಲೆ ಬಿದ್ದು ಹಿಮ್ಮಡಿ ನೋಯುತ್ತದೆ, ಕಣಕಾಲು ಹೊರಳುತ್ತದೆ. ಸಣ್ಣ ಸಣ್ಣ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ ಸಾಕು. ಬರಿಗಾಲಿನ ಹೆಮ್ಮೆಯನ್ನೂ ಕೇಳಿದ್ದೇನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿ 2-1ರಿಂದ ಸೋತರು, ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮಕ್ಕಳಿಗೆ ಈ ಕಥೆ ಹೇಳುತ್ತೇನೆ, ಹೇಳಿ ಮುಗಿಸಿ ಶೂ ಹಾಕಿಸುತ್ತೇನೆ. ಆ ಮೈದಾನದಲ್ಲಿ ಹುಲ್ಲಿತ್ತು.

ಇನ್ನು ವಾರ್ಮ್‌ಅಪ್. ಮೈದಾನ ಎರಡು ಸುತ್ತು ಓಡಿ, ಕೂತು ಕಾಲ್ಬೆರಳು ಮುಟ್ಟಿ ಎದ್ದರೆ ಮುಗಿಯಿತು ಎಂಬುದು ನಾನು ವಿದ್ಯಾರ್ಥಿಯಾಗಿದ್ದ ಕಾಲದ ಪದ್ಧತಿ. ಈಗ ಬಳಸುವುದು ಫಿಫಾದ '11 ಪ್ಲಸ್' ಎಂಬ ಕ್ರಮ. ಹದಿನೈದು ವ್ಯಾಯಾಮ, ಸುಮಾರು ಇಪ್ಪತ್ತು ನಿಮಿಷ. ಮೊದಲ ಎಂಟು ನಿಮಿಷ ನಿಧಾನ ಓಟದ ಜೊತೆ ಚಲನೆಗಳು, ನಡುವಿನ ಹತ್ತು ನಿಮಿಷ ಬಲ, ನೆಗೆತ, ಸಮತೋಲನ, ಕೊನೆಯ ಎರಡು ನಿಮಿಷ ಜೋರು ಓಟ ಮತ್ತು ತಿರುವು. ಇದಕ್ಕೆ ಸಲಕರಣೆ ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದ್ದವು, ಗಂಭೀರ ಗಾಯಗಳು ಅರ್ಧದ ಹತ್ತಿರಕ್ಕೆ ಇಳಿದಿದ್ದವು. ವಾರಕ್ಕೆ ಎರಡು ಸಲವಾದರೂ ಮಾಡಬೇಕು, ಬಿಟ್ಟು ಬಿಟ್ಟು ಮಾಡಿದರೆ ಏನೂ ಸಿಗದು.

ಅದರಲ್ಲಿ ಮಕ್ಕಳು ಅತಿ ಹೆಚ್ಚು ದ್ವೇಷಿಸುವುದು ನಾರ್ಡಿಕ್ ವ್ಯಾಯಾಮವನ್ನು. ಒಬ್ಬ ಮಂಡಿಯೂರಿ ನೆಟ್ಟಗೆ ನಿಲ್ಲುತ್ತಾನೆ, ಹಿಂದಿನವನು ಅವನ ಎರಡೂ ಕಣಕಾಲುಗಳನ್ನು ನೆಲಕ್ಕೆ ಅದುಮಿ ಹಿಡಿಯುತ್ತಾನೆ. ಮುಂದಿನವನು ಸೊಂಟ ಮಡಚದೆ, ಮಂಡಿಯಿಂದ ತಲೆಯವರೆಗೆ ಒಂದೇ ಗೆರೆಯಲ್ಲಿ, ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗಬೇಕು. ಒಂದು ಹಂತದಲ್ಲಿ ತೊಡೆಯ ಹಿಂಭಾಗ ನಡುಗಿ ಕೈ ಊರಿ ಬೀಳುತ್ತಾನೆ. ಆ ನಡುಕದಲ್ಲಿಯೇ ಲಾಭವಿರುವುದು. ಜೋರಾಗಿ ಓಡುವಾಗ ಮುಂದೆ ಚಾಚಿದ ಕಾಲನ್ನು ತಡೆದು ಹಿಂದಕ್ಕೆ ತರುವುದು ಇದೇ ಸ್ನಾಯು. ಅದು ಉದ್ದವಾಗುತ್ತಲೇ ಬಲ ಹಾಕಬೇಕಾದ ಆ ಗಳಿಗೆಯಲ್ಲಿಯೇ ಹರಿಯುತ್ತದೆ. ಈ ವ್ಯಾಯಾಮವನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಈ ಸ್ನಾಯುವಿನ ಗಾಯ ಅರ್ಧದಷ್ಟಕ್ಕೆ ಇಳಿದಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ನಮ್ಮ ಗಟ್ಟಿ ನೆಲದಲ್ಲಿ ಮಂಡಿಯೂರುವುದೇ ಶಿಕ್ಷೆಯಾಗಿತ್ತು. ಆಟಗಾರನೊಬ್ಬನ ತಾಯಿ ಜೀನ್ಸ್ ಘಟಕದಲ್ಲಿ ಹೊಲಿಯುತ್ತಾರೆ. ಕತ್ತರಿಸಿ ಬಿಸಾಡಿದ ಚೂರುಗಳನ್ನು ಒತ್ತಿ ತುಂಬಿ, ಮೇಲೆ ಹಳೆಯ ಡೆನಿಮ್ ಹಾಕಿ, ಎರಡು ಎಳೆ ದಾರದಲ್ಲಿ ಹೊಲಿದು ಉದ್ದನೆಯ ದಿಂಬುಗಳನ್ನು ಮಾಡಿಕೊಟ್ಟರು. ಅಂಗಡಿಯ ಮ್ಯಾಟ್‌ಗಳು ಒಂದು ಬೇಸಿಗೆಗೆ ಬಿರಿಯುತ್ತವೆ, ಇವು ಬಿರಿದಿಲ್ಲ. ಒಂದರ ಮೇಲೆ ಇನ್ನೂ ಜೇಬು ಇದೆ, ಹುಡುಗರು ಅದರಲ್ಲಿ ಶೇಂಗಾ ಇಟ್ಟಿರುತ್ತಾರೆ.

ಹ್ಯಾಮ್‌ಸ್ಟ್ರಿಂಗ್ ಉಳಿಸಿಕೊಳ್ಳಲು ಇನ್ನೊಂದು ದಾರಿ ಪೂರ್ತಿ ವೇಗದಲ್ಲಿ ಓಡುವುದೇ. ವಾರಕ್ಕೆ ಒಂದೆರಡು ಸಲ, ಮೈ ಚೆನ್ನಾಗಿ ಬಿಸಿಯಾದ ಮೇಲೆ, ಇಪ್ಪತ್ತು ಮೂವತ್ತು ಮೀಟರ್, ನಡುವೆ ಉಸಿರು ಪೂರ್ತಿ ಆರುವಷ್ಟು ಬಿಡುವು. ವೇಗ ಬೆಳೆಯುವುದೂ ಹೀಗೆಯೇ. ಬಿಡುವಿಲ್ಲದೆ ಹತ್ತು ಸಲ ಓಡಿಸಿದರೆ ಹುಡುಗ ನಿಧಾನವಾಗಿ ಓಡುವುದನ್ನು ಕಲಿಯುತ್ತಾನೆ. ಕೋಟೆ ಗುಡ್ಡದ ಮೆಟ್ಟಿಲಿಗೂ ಆಗಾಗ ಕರೆದೊಯ್ಯುತ್ತೇನೆ. ಹತ್ತುವಾಗ ಓಟ, ಇಳಿಯುವಾಗ ಮಾತಾಡುತ್ತಾ ನಡಿಗೆ. ಇಳಿಯುವಾಗ ಓಡಿದವನಿಗೆ ಅಂದು ಮತ್ತೆ ಹತ್ತುವ ಭಾಗ್ಯವಿಲ್ಲ.

ಹುಡುಗಿಯರ ಗುಂಪು ಸೇರಿದ ಮೇಲೆ ನಾನು ಹೆಚ್ಚು ಸಮಯ ಕೊಟ್ಟದ್ದು ನೆಗೆದು ಇಳಿಯುವುದಕ್ಕೆ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಅದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು ಹೆಚ್ಚು. ಹರಿಯುವುದೂ ಬಹುಪಾಲು ಯಾರೂ ಮುಟ್ಟದೆ ಇದ್ದಾಗಲೇ, ತಿರುಗುವಾಗ ಅಥವಾ ಇಳಿಯುವಾಗ. ಬೆಂಚಿನ ಮೇಲಿಂದ ಜಿಗಿಸಿ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಅವರಿಗೇ ತೋರಿಸುತ್ತೇನೆ. ಎರಡೂ ಮಂಡಿ ಒಂದಕ್ಕೊಂದು ಮುತ್ತಿಡಲು ಹೋಗುತ್ತಿದ್ದರೆ ಅವರೇ ನಗುತ್ತಾರೆ, ಮುಂದಿನ ಸಲ ತಿದ್ದಿಕೊಳ್ಳುತ್ತಾರೆ. ನನ್ನ ಸೂಚನೆ ಒಂದೇ: ಸದ್ದು ಕೇಳಬಾರದು. ಸದ್ದಿಲ್ಲದೆ ಇಳಿಯಬೇಕೆಂದರೆ ಸೊಂಟ, ಮಂಡಿ, ಕಣಕಾಲು ಮೂರೂ ಮಡಚಲೇಬೇಕು. 'ಮಂಡಿ ಹೊರಗೆ, ಬೆನ್ನು ನೇರ, ಭಾರ ಮುಂಗಾಲಿಗೆ' ಎಂದು ಕೂಗುವುದಕ್ಕಿಂತ ಇದು ಬೇಗ ಫಲ ಕೊಟ್ಟಿದೆ. ಮಂಡಿಯಲ್ಲಿ 'ಟಪ್' ಎಂದ ಸದ್ದು ಕೇಳಿಸಿತು ಎಂದು ಆಟಗಾರ ಹೇಳಿ, ಒಂದೆರಡು ಗಂಟೆಯೊಳಗೆ ಮಂಡಿ ಊದಿಕೊಂಡರೆ ಮನೆಮದ್ದಿಗೆ ಜಾಗವಿಲ್ಲ, ನೇರ ಮೂಳೆ ವೈದ್ಯರ ಬಳಿಗೆ. ಶಸ್ತ್ರಚಿಕಿತ್ಸೆ ಆದರೆ ಒಂಬತ್ತು ತಿಂಗಳ ಮೊದಲು ಮೈದಾನಕ್ಕೆ ಇಳಿಸಬಾರದು. ಅದಕ್ಕೂ ಮುಂಚೆ ಇಳಿದವರಲ್ಲಿ ಮತ್ತೆ ಗಾಯವಾಗುವುದು ಬಹಳ ಹೆಚ್ಚು. ಹುಡುಗಿಯರಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ನನ್ನ ಕಣ್ಣ ಮುಂದೆಯೇ ನುಂಗಿಸುತ್ತೇನೆ. ಕಿಟಕಿಯಾಚೆ ಎಸೆದ ಮಾತ್ರೆಗಳನ್ನು ಆಯಾ ಗುಡಿಸಿ ತಂದು ನನ್ನ ಮೇಜಿನ ಮೇಲೆ ಇಟ್ಟ ದಿನದಿಂದ ಈ ನಿಯಮ.

ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಹೇಳಬೇಕೇ? ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ ಆರಕ್ಕೆ ಶುರು, ಎಂಟರೊಳಗೆ ಮುಗಿಸು, ಅಷ್ಟೇ. ನಾನು ಹೆಚ್ಚು ಎಚ್ಚರ ವಹಿಸುವುದು ರಜೆ ಮುಗಿಸಿ ಬಂದ ಮೊದಲ ಎರಡು ವಾರ. ಅಜ್ಜಿ ಮನೆಯ ನೆರಳಲ್ಲಿ ಮಲಗಿದ್ದ ದೇಹಕ್ಕೆ ಬಿಸಿಲು ಮತ್ತೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಮೊದಲ ದಿನವೇ ಪೂರ್ತಿ ಓಡಿಸುವುದು ಅಪಾಯ. ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ, ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಯಾರಾದರೂ ತಡವರಿಸಿ ಮಾತಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಗಾಳಿ ಹಾಕಬೇಕು. ಆಂಬುಲೆನ್ಸ್ ಬರುವವರೆಗೆ ತಣಿಸುವುದು ನಿಲ್ಲಬಾರದು.

ಊಟದ ವಿಷಯದಲ್ಲಿ ಪ್ರವಚನ ಮಾಡುವುದಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ, 2024ರಲ್ಲಿ ವಾರದ ಆರೂ ದಿನಕ್ಕೆ ವಿಸ್ತರಿಸಿದ ಬಿಸಿಯೂಟದ ಮೊಟ್ಟೆ, ಇವು ಸಾಕು. ಪುಡಿ ಡಬ್ಬಿಗಳು ಬೇಡ. ಒಗ್ಗರಣೆ ಮಿರ್ಚಿ ಪಂದ್ಯದ ನಂತರ ತಿನ್ನಲಿ, ಮುಂಚೆ ಬೇಡ. ನಿದ್ದೆಗೆ ಮಾತ್ರ ಪಟ್ಟು ಹಿಡಿಯುತ್ತೇನೆ, ಎಂಟು ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದವರಲ್ಲಿ ಗಾಯ ಹೆಚ್ಚು.

ಈಗ ಬೈಗುಳದ ವಿಷಯಕ್ಕೆ ಬರುತ್ತೇನೆ. ಶಾಲಾ ಕ್ರೀಡಾಕೂಟಗಳು ಮಳೆಗಾಲದ ತಿಂಗಳುಗಳಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಒಂದರ ಬೆನ್ನಿಗೊಂದು ಬರುತ್ತವೆ. ಅದರ ನಡುವೆಯೇ ಗಣೇಶ ಹಬ್ಬದ ಟೂರ್ನಮೆಂಟು, ದಸರಾ ಟೂರ್ನಮೆಂಟು. ಒಂದು ವಾರದಲ್ಲಿ ಮಗು ಆಡುವ ಒಟ್ಟು ಗಂಟೆಗಳು ಅದರ ವಯಸ್ಸಿನ ಸಂಖ್ಯೆಯನ್ನು ದಾಟಬಾರದು ಎಂಬ ಸರಳ ಸೂತ್ರವೊಂದಿದೆ. ಹದಿಮೂರರವನಿಗೆ ಹದಿಮೂರು ಗಂಟೆ, ಪಂದ್ಯ, ಅಭ್ಯಾಸ ಎಲ್ಲ ಸೇರಿ. ಮಕ್ಕಳೇ ತಮ್ಮ ಗಂಟೆಗಳನ್ನು ನೋಟ್‌ಬುಕ್ಕಿನ ಹಿಂದೆ ಬರೆಯುತ್ತಾರೆ. ಗಣಿತ ಮೇಷ್ಟ್ರಿಗೆ ಇದು ಬಹಳ ಇಷ್ಟ. ಟೂರ್ನಮೆಂಟಿನ ಅಣ್ಣಂದಿರು ಬಂದು, 'ಸರ್, ಒಂದೇ ಮ್ಯಾಚ್, ಕಳಿಸಿ' ಎಂದಾಗ ನಾನು ಆ ಪುಟ ತೆರೆದು ತೋರಿಸುತ್ತೇನೆ. ವಾದ ನನ್ನೊಂದಿಗೆ ಬೇಡ, ಲೆಕ್ಕದೊಂದಿಗೆ ಮಾಡಲಿ. ಕೆಲವರು ಒಪ್ಪಿ ಹೋಗುತ್ತಾರೆ. ಕೆಲವರು ಊರಿಡೀ ಹೇಳಿಕೊಂಡು ಬರುತ್ತಾರೆ, ಮೇಷ್ಟ್ರಿಗೆ ಹುಡುಗ ಮೇಲೆ ಬರುವುದು ಬೇಕಿಲ್ಲ ಎಂದು. ಹೇಳಿಕೊಳ್ಳಲಿ.

ಗಾಯದಿಂದ ಎದ್ದವನನ್ನು ಮತ್ತೆ ಇಳಿಸುವ ಮುಂಚೆ ಮೂರು ವಿಷಯ ನೋಡುತ್ತೇನೆ. ಕಣ್ಣು ಮುಚ್ಚಿ ಗಾಯದ ಕಾಲಿನ ಮೇಲೆ ಅಲುಗದೆ ನಿಲ್ಲಬೇಕು. ಒಂದೇ ಕಾಲಲ್ಲಿ ಕುಪ್ಪಳಿಸಿದ ದೂರ ಎರಡೂ ಕಾಲಿಗೆ ಹೆಚ್ಚು ಕಡಿಮೆ ಸಮ ಇರಬೇಕು. ಪೀಪಿ ಊದಿದಾಗ ಮೊದಲಿನಂತೆ ನಿಲ್ಲಬೇಕು. ಹಳೆಯ ಗಾಯವೇ ಹೊಸ ಗಾಯಕ್ಕೆ ಅತಿ ದೊಡ್ಡ ಕಾರಣ, ಉಳುಕಿದ ಕಣಕಾಲು ಸರಿಯಾಗಿ ಗಟ್ಟಿಯಾಗದೆ ಇಳಿದರೆ ಮತ್ತೆ ಅದೇ ಉಳುಕುತ್ತದೆ. ತಾಳ್ಮೆ ಕೆಡುವ ಹುಡುಗರಿಗೆ ನಾನು ನೀರಜ್ ಚೋಪ್ರಾ ಅವರ ಮಾತು ತೆಗೆಯುತ್ತೇನೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಗಿ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿಸಿಕೊಂಡು, ಚೇತರಿಕೆಯ ಒಂದಿಷ್ಟು ಕಾಲವನ್ನು ನಮ್ಮದೇ ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕಳೆದು, 2021ರಲ್ಲಿ ಟೋಕಿಯೊದಲ್ಲಿ ಚಿನ್ನ ಗೆದ್ದವರು ಅವರು. ದೂರದ ಉದಾಹರಣೆಯಲ್ಲ, ಬಸ್ಸಿನಲ್ಲಿ ಹೋಗಿ ಗೇಟು ನೋಡಿ ಬರಬಹುದಾದ ಉದಾಹರಣೆ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಮೆಂಟಾದ ಸಂತೋಷ್ ಟ್ರೋಫಿ ಗೆದ್ದ ಮೇಲೆ ಅಕಾಡೆಮಿ, ಕ್ರೀಡಾ ವಸತಿಶಾಲೆ ಎಂದು ವಿಚಾರಿಸುವ ಪೋಷಕರು ಹೆಚ್ಚಾಗಿದ್ದಾರೆ. ಆಯ್ಕೆಯಾಗಿ ಹೋಗುವ ಮಗುವಿನ ಕೈಗೆ ನಾನು ಪ್ರಮಾಣಪತ್ರದ ಜೊತೆಗೆ ಒಂದು ರಟ್ಟಿನ ಕಾರ್ಡು ಕೊಡುತ್ತೇನೆ. ಒಂದು ಬದಿಗೆ ಗೋಡೆಯ ಮೇಲಿನ ಎತ್ತರದ ಲೆಕ್ಕ, ತಾರೀಖು ಸಹಿತ. ಇನ್ನೊಂದು ಬದಿಗೆ ಗಾಯಗಳ ಪಟ್ಟಿ: ಯಾವ ಕಾಲು, ಹೇಗಾಯಿತು, ಎಷ್ಟು ವಾರ ಹೊರಗಿದ್ದ, ಯಾವ ವೈದ್ಯರಿಗೆ ತೋರಿಸಿದೆವು. ಹೊಸ ಕಡೆ ಹುಡುಗ ನೋವು ಮುಚ್ಚಿಡುತ್ತಾನೆ, ಕಳಿಸಿಬಿಡುತ್ತಾರೆ ಎಂಬ ಭಯ ಅವನಿಗೆ. ಕಾರ್ಡು ಮುಚ್ಚಿಡುವುದಿಲ್ಲ. ಹೋದ ಬಾರಿ ಹೋದವನ ಕಾರ್ಡಿನ ಅಡಿಯಲ್ಲಿ ಬರೆದದ್ದು: ಎಡ ಹ್ಯಾಮ್‌ಸ್ಟ್ರಿಂಗ್ ಒಮ್ಮೆ ಹಿಡಿದಿತ್ತು, ನಾರ್ಡಿಕ್ ವಾರಕ್ಕೆ ಎರಡು ಸಲ, ಪಂದ್ಯಗಳ ತಿಂಗಳಲ್ಲೂ ಬಿಡಿಸಬೇಡಿ, ಬಿಡಲು ನೆಪ ಹೇಳುತ್ತಾನೆ. ಅಲ್ಲಿನ ತರಬೇತುದಾರರು ಫೋನ್ ಮಾಡಿ ಮೊದಲು ಕೇಳಿದ್ದು ಆ ಕೊನೆಯ ಸಾಲಿನ ಬಗ್ಗೆಯೇ, ನೆಪಗಳು ಯಾವುವು ಎಂದು. ಅವನ್ನೂ ಹೇಳಿದೆ.